ಹೆಂಗಸರ ಕೋಟು, ಸ್ಕರ್ಟಿಗೆ ಅಮೆರಿಕದ ಸುಂಕವೆಷ್ಟು? ರೂಲಿಂಗ್ ಹುಡುಕುವ ‘ಕ್ರಾಸ್’ ಸೇವೆಯ ವಿಮರ್ಶೆ

ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ದೊಡ್ಡಬಳ್ಳಾಪುರದ ಕಾರ್ಖಾನೆಗಳಲ್ಲಿ ಹೊಲಿದ ಹೆಂಗಸರ ಬ್ಲೇಜರ್, ಸ್ಕರ್ಟು, ಪ್ಯಾಂಟುಗಳು ಅಮೆರಿಕದ ಬಂದರು ಸೇರಿದಾಗ ಅವುಗಳ ಮೇಲೆ ಬೀಳುವ ಸುಂಕವನ್ನು ಹತ್ತು ಅಂಕಿಗಳ ಒಂದು ಕೋಡ್ ತೀರ್ಮಾನಿಸುತ್ತದೆ. ಯಾವ ಉಡುಪಿಗೆ ಯಾವ ಕೋಡ್ ಎಂಬ ಅನುಮಾನ ಬಂದವರು ಅಮೆರಿಕದ ಕಸ್ಟಮ್ಸ್ ಮತ್ತು ಗಡಿ ರಕ್ಷಣಾ ಇಲಾಖೆಗೆ, ಅಂದರೆ ಸಿಬಿಪಿಗೆ, ಬರೆದು ಕೇಳುತ್ತಾರೆ. ಇಲಾಖೆ ಲಿಖಿತವಾಗಿ ಉತ್ತರಿಸುತ್ತದೆ. ಆ ಉತ್ತರಕ್ಕೆ ‘ರೂಲಿಂಗ್’ ಎಂದು ಹೆಸರು. 1989ರಿಂದೀಚೆಗೆ ಬರೆದ ಇಂಥ ಎರಡು ಲಕ್ಷಕ್ಕೂ ಹೆಚ್ಚು ರೂಲಿಂಗ್‌ಗಳನ್ನು ಕಲೆಹಾಕಿ, ಯಾರು ಬೇಕಾದರೂ ಹುಡುಕಿ ಓದಿಕೊಳ್ಳುವಂತೆ ಇಲಾಖೆ ತೆರೆದಿಟ್ಟಿರುವ ಜಾಲತಾಣವೇ ‘ಕ್ರಾಸ್’. ಅದಕ್ಕೆ ಶುಲ್ಕವಿಲ್ಲ, ನೋಂದಣಿಯ ಗೊಡವೆಯಿಲ್ಲ. ರಫ್ತು ದಾಖಲೆಗಳ ಕೆಲಸದಲ್ಲಿರುವ ನನಗೆ ಇದು ದಿನಬಳಕೆಯ ಸಾಧನ. ಹೆಂಗಸರ ಟೈಲರ್ಡ್ ಉಡುಪುಗಳ ಮಟ್ಟಿಗೆ ಅದು ಎಷ್ಟು ಉಪಯೋಗಕ್ಕೆ ಬರುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದಷ್ಟೇ ಈ ಬರಹದ ವಿಷಯ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸರಕು ಹಡಗು ಹತ್ತುವ ಹೊತ್ತಿಗೆ ಅವಸರದಲ್ಲಿ ಒಂದು ಕೋಡ್ ಹೆಕ್ಕಿಕೊಳ್ಳಲು ಕ್ರಾಸ್ ತೆರೆಯುವವರಿಗೆ ಅದು ನಿರಾಸೆ ತರುತ್ತದೆ, ಒಮ್ಮೊಮ್ಮೆ ದಾರಿಯನ್ನೂ ತಪ್ಪಿಸುತ್ತದೆ. ಪ್ಯಾಟರ್ನ್ ಮಾಸ್ಟರ್ ಕಾಗದದ ಮೇಲೆ ಗೆರೆ ಎಳೆಯುವ ಮುನ್ನ, ಬಟ್ಟೆಯ ಮಿಶ್ರಣ ಇನ್ನೂ ಚರ್ಚೆಯಲ್ಲಿರುವಾಗ ತೆರೆದು ಓದುವವರಿಗಾದರೋ ಅದು ಕೊಡುವ ತಿಳಿವಳಿಕೆಯನ್ನು ದುಡ್ಡು ಕೊಟ್ಟು ಬೇರೆಡೆ ಪಡೆಯುವುದೂ ಕಷ್ಟ. ಪತ್ರದ ಕೊನೆಯಲ್ಲಿ ಬರುವ ಅಂಕಿಗಿಂತ, ಆ ಅಂಕಿಗೆ ಬರುವ ಮೊದಲು ಅಧಿಕಾರಿಯು ಉಡುಪಿನ ಯಾವ ಯಾವ ಭಾಗವನ್ನು ಗಮನಿಸಿದರು ಎಂಬ ವಿವರವೇ ನಮಗೆ ಹೆಚ್ಚು ಬೇಕಾದದ್ದು.

ಹುಡುಕುವ ಪುಟ ಸರಳವಾಗಿದೆ. ಒಂದು ಪೆಟ್ಟಿಗೆಯಲ್ಲಿ ಪದವನ್ನೋ ಸುಂಕದ ಸಂಖ್ಯೆಯನ್ನೋ ರೂಲಿಂಗ್‌ನ ಕ್ರಮಸಂಖ್ಯೆಯನ್ನೋ ಬರೆಯಬಹುದು. ‘ಆ್ಯಂಡ್’, ‘ಆರ್’, ‘ನಾಟ್’ ಎಂಬ ಜೋಡಣೆಗಳನ್ನು ಬಳಸಿ ಹುಡುಕಾಟವನ್ನು ಬಿಗಿಗೊಳಿಸಬಹುದು. ದಿನಾಂಕದ ಮಿತಿ ಹಾಕಬಹುದು. ನ್ಯೂಯಾರ್ಕ್ ಕಚೇರಿಯ ಪತ್ರಗಳು ಮಾತ್ರ ಬೇಕೋ ವಾಷಿಂಗ್ಟನ್ನಿನ ಕೇಂದ್ರ ಕಚೇರಿಯವು ಮಾತ್ರ ಬೇಕೋ ಎಂದು ಆರಿಸಿಕೊಳ್ಳಬಹುದು. ಸುಮ್ಮನೆ ‘ಜಾಕೆಟ್’ ಎಂದು ಬರೆದರೆ ಮಳೆಯ ಜಾಕೆಟ್‌ನಿಂದ ಹಿಡಿದು ಮಕ್ಕಳ ಜಾಕೆಟ್‌ವರೆಗೆ ಎಲ್ಲವೂ ಬಂದು ಬೀಳುತ್ತವೆ. ‘ಸೂಟ್-ಟೈಪ್ ಜಾಕೆಟ್’ ಎಂಬ ಪೂರ್ತಿ ಪದಗುಚ್ಛದ ಜೊತೆ ನೂಲಿನ ಹೆಸರನ್ನೂ ‘ಪ್ಯಾನೆಲ್ಸ್’ (ಕೂಡಿಸಿ ಹೊಲಿಯುವ ಬಟ್ಟೆಯ ತುಂಡುಗಳು) ಎಂಬುದನ್ನೂ ಸೇರಿಸಿದರೆ ಫಲಿತಾಂಶ ಹಿಡಿತಕ್ಕೆ ಬರುತ್ತದೆ. ನಮ್ಮಲ್ಲಿ ವೇಸ್ಟ್‌ಕೋಟ್ ಎಂದು ಕರೆಯುವುದನ್ನು ಈ ಪತ್ರಗಳು ಬಹುಮಟ್ಟಿಗೆ ‘ವೆಸ್ಟ್’ ಎಂದೇ ಬರೆಯುವುದರಿಂದ ಎರಡನ್ನೂ ಹಾಕಿ ನೋಡುವುದು ಒಳ್ಳೆಯದು.

ನ್ಯೂಯಾರ್ಕ್ ಪತ್ರಗಳು ಚಿಕ್ಕವು, ಒಂದೇ ಅಚ್ಚಿನವು. ಮೇಲ್ಗಡೆ ಕ್ರಮಸಂಖ್ಯೆ, ದಿನಾಂಕ, ಸುಂಕದ ಸಂಖ್ಯೆ. ಆಮೇಲೆ ಉಡುಪಿನ ವರ್ಣನೆ: ಸ್ಟೈಲ್ ಸಂಖ್ಯೆ ಇಷ್ಟು, ಹೊರಬಟ್ಟೆಯಲ್ಲಿ ಯಾವ ನೂಲು ಶೇಕಡ ಎಷ್ಟು, ನೇಯ್ದದ್ದೋ ನಿಟ್ಟೋ (ಹೆಣೆದದ್ದೋ), ಒಳಗೆ ಲೈನಿಂಗ್ ಇದೆಯೇ, ಕಚ್ಚು ಬಿಟ್ಟ ನಾಚ್ ಕಾಲರ್ ಇದೆಯೇ, ಮುಂಭಾಗ ಪೂರ್ತಿ ತೆರೆಯುತ್ತದೆಯೇ, ಗುಂಡಿ ಹಾಕಿದಾಗ ಬಲಭಾಗ ಎಡದ ಮೇಲೆ ಬರುತ್ತದೆಯೇ, ಜೇಬುಗಳು ಎಲ್ಲಿವೆ, ಉದ್ದ ಎಲ್ಲಿಯವರೆಗೆ. ಬಳಿಕ ಉಪಶೀರ್ಷಿಕೆ ಇಂಥದು, ಸುಂಕದ ದರ ಇಷ್ಟು ಎಂಬ ಎರಡು ಸಾಲು. ದರ ಬದಲಾಗಬಹುದು ಎಂಬ ಎಚ್ಚರಿಕೆ. ಸರಕಿನ ದಾಖಲೆಗಳೊಂದಿಗೆ ಈ ಪತ್ರದ ಪ್ರತಿಯನ್ನೋ ಸಂಖ್ಯೆಯನ್ನೋ ಕೊಡಿ ಎಂಬ ಸೂಚನೆ. ಕಾರಣ ವಿವರಿಸುವ ಗೋಜಿಗೆ ಈ ಪತ್ರಗಳು ಹೆಚ್ಚಾಗಿ ಹೋಗುವುದಿಲ್ಲ. ಆದರೆ ವರ್ಣನೆಯ ಒಂದೊಂದು ಪದವೂ ಲೆಕ್ಕ ಹಾಕಿ ಇಟ್ಟದ್ದು; ವಿವರ ಬಂದಿದೆಯೆಂದರೆ ಅದರ ಮೇಲೆ ಏನೋ ನಿಂತಿದೆ ಎಂದೇ ಓದಬೇಕು.

ಕೇಂದ್ರ ಕಚೇರಿಯ ಪತ್ರಗಳ ಗತ್ತೇ ಬೇರೆ. ಅವು ಸಂಗತಿಗಳು, ಪ್ರಶ್ನೆ, ಕಾನೂನು ಮತ್ತು ವಿಶ್ಲೇಷಣೆ, ತೀರ್ಪು ಎಂಬ ನಾಲ್ಕು ಭಾಗಗಳಾಗಿ ಸಾಗುತ್ತವೆ. ನ್ಯೂಯಾರ್ಕ್ ಕಚೇರಿ ಹಿಂದೆ ಕೊಟ್ಟ ಉತ್ತರವನ್ನು ತಿದ್ದುವಾಗಲೋ ರದ್ದು ಮಾಡುವಾಗಲೋ, ಬಂದರಿನ ಅಧಿಕಾರಿಗೂ ಆಮದುದಾರರಿಗೂ ಜಟಾಪಟಿ ಬಿದ್ದಾಗಲೋ ಇವು ಬರುತ್ತವೆ. ಆಮದುದಾರರ ವಾದವೇನು, ಅದನ್ನು ಏಕೆ ಒಪ್ಪಿದರು ಅಥವಾ ಒಪ್ಪಲಿಲ್ಲ, ಸುಂಕದ ಪಟ್ಟಿಯ ಅಧ್ಯಾಯದ ಯಾವ ಟಿಪ್ಪಣಿ ನಿರ್ಣಾಯಕವಾಯಿತು ಎಂಬುದೆಲ್ಲ ಇಲ್ಲಿ ಬಿಚ್ಚಿಕೊಳ್ಳುತ್ತದೆ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ನಾನು ಕೊಡುವ ಸಲಹೆ ಒಂದೇ: ಮೊದಲು ಕೇಂದ್ರ ಕಚೇರಿಯ ಹತ್ತಾರು ಪತ್ರಗಳನ್ನು ಓದಿ, ನ್ಯೂಯಾರ್ಕ್ ಪತ್ರಗಳಿಗೆ ಆಮೇಲೆ ಹೋಗಿ. ಒಂದು ರೂಲಿಂಗ್ ಇನ್ನಾವುದನ್ನು ಉಲ್ಲೇಖಿಸುತ್ತದೆ, ಯಾವುದರಿಂದ ಬದಲಾಗಿದೆ ಅಥವಾ ರದ್ದಾಗಿದೆ ಎಂಬ ಕೊಂಡಿಗಳನ್ನು ಜಾಲತಾಣ ತಾನೇ ತೋರಿಸುತ್ತದೆ. ಈ ಸೇವೆಯ ಅತ್ಯುತ್ತಮ ಅಂಗ ಇದೇ.

ಇನ್ನು ಉಡುಪಿಗೆ ಬರೋಣ. ಜಗತ್ತಿನ ಬಹುಪಾಲು ದೇಶಗಳು ಒಪ್ಪಿಕೊಂಡಿರುವ, ಸರಕುಗಳಿಗೆ ಕೋಡ್ ಕೊಡುವ ಹಾರ್ಮೊನೈಸ್ಡ್ ಪದ್ಧತಿಯಲ್ಲಿ 61ನೇ ಅಧ್ಯಾಯ ನಿಟ್ ಉಡುಪುಗಳದ್ದು, 62ನೇ ಅಧ್ಯಾಯ ನೇಯ್ದ ಬಟ್ಟೆಯ ಉಡುಪುಗಳದ್ದು. ಹೆಂಗಸರ ಸೂಟು, ಎನ್‌ಸೆಂಬಲ್ (ಸೂಟೆನಿಸದ ಜೋಡಿ ಉಡುಪು), ಸೂಟಿನ ಮಾದರಿಯ ಜಾಕೆಟ್, ಡ್ರೆಸ್, ಸ್ಕರ್ಟು, ಪ್ಯಾಂಟು ಇವೆಲ್ಲ ನೇಯ್ದವಾದರೆ 6204ನೇ ಶೀರ್ಷಿಕೆಗೆ ಸೇರುತ್ತವೆ. ಮನೆ ಒಂದೇ ಆದರೂ ಒಳಗಿನ ಕೋಣೆಗಳ ಬಾಡಿಗೆಯಲ್ಲಿ ಅಜಗಜಾಂತರ. ಅಮೆರಿಕದ ಮೂಲ ದರದಲ್ಲಿ ಹತ್ತಿಯ ಸೂಟಿಗೆ ಶೇ 14.9, ಹತ್ತಿಯ ಜಾಕೆಟ್‌ಗೆ ಶೇ 9.4, ಹತ್ತಿಯ ಪ್ಯಾಂಟಿಗೆ ಶೇ 16.6, ಹತ್ತಿಯ ಸ್ಕರ್ಟಿಗೆ ಶೇ 8.2. ಅದೇ ಪಾಲಿಯೆಸ್ಟರ್ ಆದರೆ ಜಾಕೆಟ್‌ಗೆ ಶೇ 27.3, ಪ್ಯಾಂಟಿಗೆ ಶೇ 28.6, ಸ್ಕರ್ಟಿಗೆ ಶೇ 16.

ಈ ದರಗಳ ನಡುವೆ ‘ಸೂಟು’ ಎಂಬ ಪದ ಎಷ್ಟು ಭಾರ ಹೊರುತ್ತದೆ ಎಂಬುದಕ್ಕೆ ಒಂದು ಲೆಕ್ಕ ನೋಡಿ. ಹತ್ತಿ ಬಟ್ಟೆಯ ಜಾಕೆಟ್‌ಗೆ 30 ಡಾಲರ್, ಅದೇ ಬಟ್ಟೆಯ ಪ್ಯಾಂಟಿಗೆ 20 ಡಾಲರ್ ಎಂದಿಟ್ಟುಕೊಳ್ಳೋಣ. ಎರಡೂ ಸೇರಿ ಸೂಟು ಎನಿಸಿಕೊಂಡರೆ 50 ಡಾಲರಿಗೆ ಶೇ 14.9ರಂತೆ 7.45 ಡಾಲರ್ ಸುಂಕ. ಬೇರೆ ಬೇರೆ ಉಡುಪುಗಳೆನಿಸಿದರೆ ಜಾಕೆಟ್‌ಗೆ 2.82, ಪ್ಯಾಂಟಿಗೆ 3.32, ಒಟ್ಟು 6.14 ಡಾಲರ್. ಪ್ಯಾಂಟಿನ ಬದಲು ಅದೇ ಬೆಲೆಯ ಸ್ಕರ್ಟು ಇದ್ದರೆ ಬಿಡಿಯಾಗಿ 4.46 ಡಾಲರ್ ಮಾತ್ರ. ಸೂಟಾದರೆ ಮತ್ತೆ 7.45. ಹತ್ತು ಸಾವಿರ ಸೆಟ್‌ಗಳ ಆರ್ಡರಿನಲ್ಲಿ ಸ್ಕರ್ಟಿನ ಈ ಒಂದು ವ್ಯತ್ಯಾಸವೇ ಸುಮಾರು 30 ಸಾವಿರ ಡಾಲರ್. ಉಡುಪು ಕೊಳ್ಳುವ ಬಯರ್ ಎದುರು ಎಫ್‌ಒಬಿ (ಹಡಗಿಗೆ ಏರಿಸುವವರೆಗಿನ) ಬೆಲೆಯಲ್ಲಿ ಹತ್ತು ಸೆಂಟಿಗಾಗಿ ಎಳೆದಾಡುವ ನಮ್ಮ ಮರ್ಚಂಡೈಸರುಗಳು ಈ ಲೆಕ್ಕವನ್ನು ಬಯರ್‌ಗಿಂತ ಮೊದಲು ಮಾಡಿಟ್ಟುಕೊಂಡರೆ ಮಾತುಕತೆಯ ಧಾಟಿಯೇ ಬೇರೆಯಾಗುತ್ತದೆ.

ಹಾಗಾದರೆ ಸೂಟು ಎಂದರೇನು? 62ನೇ ಅಧ್ಯಾಯದ 3ನೇ ಟಿಪ್ಪಣಿ ಅದನ್ನು ಬಿಗಿಯಾಗಿ ಕಟ್ಟಿಹಾಕಿದೆ. ಎರಡು ಅಥವಾ ಮೂರು ಉಡುಪುಗಳ ಜೋಡಿಯಾಗಿರಬೇಕು; ಹೊರಮೈ ಒಂದೇ ಬಟ್ಟೆಯದಾಗಿರಬೇಕು; ಬಟ್ಟೆಯ ರಚನೆ, ಬಣ್ಣ, ನೂಲಿನ ಮಿಶ್ರಣ, ಶೈಲಿ ಎಲ್ಲವೂ ಒಂದೇ ಆಗಿರಬೇಕು; ಅಳತೆಗಳು ಒಂದಕ್ಕೊಂದು ಹೊಂದಬೇಕು. ಮೇಲ್ಭಾಗದಲ್ಲಿ ಒಂದು ಜಾಕೆಟ್. ತೋಳುಗಳನ್ನು ಬಿಟ್ಟು ಅದರ ಹೊರಕವಚ ಕನಿಷ್ಠ ನಾಲ್ಕು ಪ್ಯಾನೆಲ್‌ಗಳದ್ದಾಗಿರಬೇಕು. ಕೆಳಭಾಗಕ್ಕೆ ಒಂದು ಪ್ಯಾಂಟೋ ಸ್ಕರ್ಟೋ ಇರಬೇಕು, ಅದಕ್ಕೆ ಎದೆಪಟ್ಟಿಯಾಗಲಿ ಹೆಗಲಪಟ್ಟಿಯಾಗಲಿ ಇರಕೂಡದು. ಜೊತೆಗೆ ವೇಸ್ಟ್‌ಕೋಟ್ ಇದ್ದರೆ ಅದರ ಮುಂಭಾಗ ಸೂಟಿನ ಬಟ್ಟೆಯದು, ಬೆನ್ನಿನ ಭಾಗ ಜಾಕೆಟ್‌ನ ಲೈನಿಂಗ್ ಬಟ್ಟೆಯದು ಆಗಿರಬೇಕು. ಬೇರೆ ಬಟ್ಟೆಗೆ ವಿನಾಯಿತಿ ಇರುವುದು ಹೊಲಿಗೆಯೊಳಗೆ ಕೂರಿಸುವ ಪೈಪಿಂಗ್‌ಗೆ ಮಾತ್ರ. ಕಾಲರಿಗಾಗಲಿ ಜೇಬಿನ ಫ್ಲ್ಯಾಪಿಗಾಗಲಿ ಟಿಪ್ಪಣಿ ಅಂಥ ರಿಯಾಯಿತಿ ಹೇಳುವುದಿಲ್ಲ.

ಪ್ಯಾನೆಲ್‌ಗಳ ಈ ಎಣಿಕೆ ಕಟಿಂಗ್ ಟೇಬಲ್ಲಿಗೂ ಕಸ್ಟಮ್ಸ್ ಕಚೇರಿಗೂ ನೇರ ಸಂಬಂಧ ಕಲ್ಪಿಸುವ ಜಾಗ. ನಾಲ್ಕು ಎಂದರೆ ಮುಂದೆ ಎರಡು, ಹಿಂದೆ ಎರಡು, ಅವುಗಳನ್ನು ಉದ್ದುದ್ದಕ್ಕೆ ಹೊಲಿದಿರಬೇಕು. ಬೆನ್ನಿನ ನಡುವೆ ಸೀಮ್ ಹಾಕಿ ಎರಡು ತುಂಡು ಕೂಡಿಸಿದ ಜಾಕೆಟ್ ಈ ಪರೀಕ್ಷೆ ದಾಟುತ್ತದೆ. ಬೆನ್ನಿಗೆ ಒಂದೇ ತುಂಡು ಬಳಸಿ, ಮುಂದೆ ಎರಡು ತುಂಡು ಹಾಕಿ, ಸೊಂಟದ ಬಳಿ ಡಾರ್ಟ್ ಹಿಡಿದು ಆಕಾರ ಕೊಟ್ಟರೆ ಹಾಕಿಕೊಂಡವರಿಗೆ ಅದು ಟೈಲರ್ಡ್ ಕೋಟಿನಂತೆಯೇ ಕೂರಬಹುದು. ಆದರೆ ಡಾರ್ಟ್ ಬಟ್ಟೆಯನ್ನು ಮಡಿಸುತ್ತದೆ, ತುಂಡು ಮಾಡುವುದಿಲ್ಲ. ಎಣಿಕೆ ಮೂರಕ್ಕೇ ನಿಲ್ಲುತ್ತದೆ, ಸೂಟು ಎಂಬ ಹೆಸರು ಸಿಗುವುದಿಲ್ಲ. ಬಯರ್ ಕಳಿಸಿದ ಟೆಕ್ ಪ್ಯಾಕಿನ (ಉಡುಪಿನ ವಿವರಪತ್ರದ) ಬೆನ್ನಿನ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಕ್ರಾಸ್‌ನಲ್ಲಿ ಪ್ಯಾನೆಲ್ ಕುರಿತ ಪತ್ರಗಳನ್ನು ಓದಿದರೆ, ಅಧಿಕಾರಿಗಳು ಜಾಕೆಟ್‌ನ ಬೆನ್ನನ್ನು ಏಕೆ ಅಷ್ಟು ಗಮನವಿಟ್ಟು ವರ್ಣಿಸುತ್ತಾರೆ ಎಂಬುದು ತಾನಾಗಿ ಹೊಳೆಯುತ್ತದೆ.

ಹೆಂಗಸರ ಸೂಟಿಗೇ ಮೀಸಲಾದ ಇನ್ನೊಂದು ಸೂಕ್ಷ್ಮವಿದೆ. ಒಂದೇ ಬಟ್ಟೆಯ ಜಾಕೆಟ್, ಸ್ಕರ್ಟು, ಪ್ಯಾಂಟು ಮೂರೂ ಒಂದೇ ಹ್ಯಾಂಗರಿನಲ್ಲಿ ಬಂದರೆ, ಟಿಪ್ಪಣಿಯ ಪ್ರಕಾರ ಸೂಟಿನ ಕೆಳಭಾಗವೆಂದು ಎಣಿಸಬೇಕಾದದ್ದು ಸ್ಕರ್ಟನ್ನು. ಪ್ಯಾಂಟು ಹೊರಗುಳಿದು ಬೇರೆ ಉಡುಪಾಗಿ, ಹತ್ತಿಯದಾದರೆ ಶೇ 16.6 ತೆರುತ್ತದೆ. ಸೂಟಿನ ಮಾನದಂಡ ಮುಟ್ಟದ ಜೋಡಿಗಳು ‘ಎನ್‌ಸೆಂಬಲ್’ ಆಗಬಹುದು, ಅದಕ್ಕೂ ಒಂದೇ ಬಟ್ಟೆಯ ನಿಯಮವಿದೆ. ಅಮೆರಿಕದಲ್ಲಿ ಎನ್‌ಸೆಂಬಲ್‌ನ ದರವೆಂದರೆ ಅದರೊಳಗಿನ ಪ್ರತಿ ಉಡುಪು ಬಿಡಿಯಾಗಿ ಬಂದಿದ್ದರೆ ತೆರಬೇಕಾಗಿದ್ದ ದರವೇ ಆದ್ದರಿಂದ ಲೆಕ್ಕದಲ್ಲಿ ಹೆಚ್ಚು ವ್ಯತ್ಯಾಸ ಬಾರದು. ಚೌಕಳಿ ಸ್ಕರ್ಟು, ಸಾದಾ ಜಾಕೆಟ್ ಎಂಬಂತೆ ಬಟ್ಟೆಯೇ ಬೇರೆಯಾದರೆ ಎರಡೂ ಅಲ್ಲ. ಒಂದೇ ಪ್ಯಾಕಿನಲ್ಲಿ ಮಾರಾಟಕ್ಕಿಟ್ಟರೂ ಬೇರೆ ಬೇರೆ ಶೀರ್ಷಿಕೆಯ ಉಡುಪುಗಳು ತಂತಮ್ಮ ಶೀರ್ಷಿಕೆಗೇ ಹೋಗಬೇಕೆಂದು ಹನ್ನೊಂದನೇ ವಿಭಾಗದ 14ನೇ ಟಿಪ್ಪಣಿ ಸ್ಪಷ್ಟವಾಗಿ ಹೇಳುತ್ತದೆ.

ನೂಲಿನ ವಿಷಯದಲ್ಲಿ ಕ್ರಾಸ್ ಕಲಿಸುವ ಪಾಠ ಇನ್ನೂ ದುಬಾರಿಯದು. ವರ್ಗೀಕರಣ ನಿಲ್ಲುವುದು ಹೊರಬಟ್ಟೆಯ ತೂಕದ ಮೇಲೆ. ಲೈನಿಂಗ್ ಪೂರ್ತಿ ಪಾಲಿಯೆಸ್ಟರ್ ಆದರೂ ಅದು ಲೆಕ್ಕಕ್ಕಿಲ್ಲ. ಹತ್ತಿ ಶೇ 40, ಪಾಲಿಯೆಸ್ಟರ್ ಸ್ಟೇಪಲ್ (ತುಂಡು ಎಳೆ) ಶೇ 35, ವಿಸ್ಕೋಸ್ ಸ್ಟೇಪಲ್ ಶೇ 25 ಇರುವ ಬ್ಲೇಜರ್ ಬಟ್ಟೆಯನ್ನು ತೆಗೆದುಕೊಳ್ಳಿ. ಹೆಚ್ಚು ಇರುವುದು ಹತ್ತಿ, ಹಾಗಾಗಿ ಹತ್ತಿಯ ಜಾಕೆಟ್ ಎಂದು ಯಾರಿಗಾದರೂ ಅನ್ನಿಸುತ್ತದೆ. ನಿಯಮ ಹಾಗಿಲ್ಲ. ಸುಂಕದ ಪಟ್ಟಿಯಲ್ಲಿ ನೂಲುಗಳಿಗೂ ಅವುಗಳದೇ ಅಧ್ಯಾಯಗಳಿವೆ, ಮೊದಲು ಆ ಅಧ್ಯಾಯ ತೀರ್ಮಾನವಾಗಬೇಕು. ಪಾಲಿಯೆಸ್ಟರ್, ವಿಸ್ಕೋಸ್ ಎರಡೂ ಒಂದೇ ಅಧ್ಯಾಯದ ನೂಲುಗಳಾದ್ದರಿಂದ ಅವು ಕೂಡಿ ಶೇ 60 ಆಗಿ ಹತ್ತಿಯನ್ನು ಹಿಂದಿಕ್ಕುತ್ತವೆ. ಆಮೇಲೆ ಆ ಎರಡರೊಳಗೆ ಹೆಚ್ಚಿರುವ ಪಾಲಿಯೆಸ್ಟರ್ ಗೆಲ್ಲುತ್ತದೆ. ಸುಂಕ ಶೇ 9.4ರಿಂದ ಶೇ 27.3ಕ್ಕೆ ಹಾರುತ್ತದೆ. ಮಿಲ್ಲಿನವರು ಹತ್ತಿಯನ್ನು ಶೇ 52ಕ್ಕೆ ಏರಿಸಿ ಕೊಟ್ಟಿದ್ದರೆ ಈ ರಾದ್ಧಾಂತವೇ ಇರುತ್ತಿರಲಿಲ್ಲ. ಉಣ್ಣೆ ಬೆರೆತ ಸಿಂಥೆಟಿಕ್ ಬಟ್ಟೆಯಲ್ಲಿ ಉಣ್ಣೆ ಶೇ 36 ಮುಟ್ಟಿದರೆ ಅಮೆರಿಕದ ಪಟ್ಟಿಯಲ್ಲಿ ಅದಕ್ಕೆ ಬೇರೆಯದೇ ಸಾಲು. ಬಟ್ಟೆಯ ಆರ್ಡರ್ ಹೋದ ಮೇಲೆ ಇವನ್ನೆಲ್ಲ ಓದಿ ಏನು ಪ್ರಯೋಜನ?

ನೆರೆಯ ಶೀರ್ಷಿಕೆಗಳ ಕಡೆಗೂ ಕಣ್ಣು ಹಾಯಿಸಬೇಕು. ನೇಯ್ದ ಪಾಲಿಯೆಸ್ಟರ್ ಬ್ಲೌಸು 6206ರಲ್ಲಿ ಶೇ 26.9 ತೆರುತ್ತದೆ, ಪಾಲಿಯೆಸ್ಟರ್ ಪ್ಯಾಂಟು ಶೇ 28.6 ತೆರುತ್ತದೆ, ಆ ಎರಡನ್ನೂ ಸೊಂಟದಲ್ಲಿ ಕೂಡಿಸಿ ಹೊಲಿದ ಜಂಪ್‌ಸೂಟು 6211ಕ್ಕೆ ಹೋಗಿ ಶೇ 16 ತೆರುತ್ತದೆ. ಒಂಟಿಯಾಗಿ ಬರುವ ಪಾಲಿಯೆಸ್ಟರ್ ವೇಸ್ಟ್‌ಕೋಟಿಗೂ ಅದೇ ಶೇ 16, ತೋಳು ಸೇರಿಸಿ ಬ್ಲೇಜರ್ ಮಾಡಿದರೆ ಶೇ 27.3. ಇದರಲ್ಲಿ ತರ್ಕ ಹುಡುಕಲು ಹೋಗಬಾರದು. ಸುಂಕದ ಪಟ್ಟಿ ದಶಕಗಳ ವ್ಯಾಪಾರ ಒಪ್ಪಂದಗಳ ಕೂಸು. ಗಂಡಸರ ಹತ್ತಿ ಸೂಟಿಗೆ ಶೇ 13.2 ಇದ್ದು ಹೆಂಗಸರದಕ್ಕೆ ಶೇ 14.9 ಇರುವುದೂ ಹೀಗೆಯೇ. ಗಂಡಸರದೋ ಹೆಂಗಸರದೋ ಎಂಬುದನ್ನು ತೀರ್ಮಾನಿಸುವುದು ಗುಂಡಿಯ ದಿಕ್ಕು: ಎಡಭಾಗ ಬಲದ ಮೇಲೆ ಬಂದರೆ ಗಂಡಸರದು, ಬಲಭಾಗ ಎಡದ ಮೇಲೆ ಬಂದರೆ ಹೆಂಗಸರದು. ಉಡುಪಿನ ಕಟಿಂಗೇ ಬೇರೆ ಮಾತು ಹೇಳಿದರೆ ಆ ನಿಯಮ ನಿಲ್ಲದು. ಯಾರದೆಂದು ಹೇಳಲಾಗದ ಉಡುಪು ಹೆಂಗಸರ ಶೀರ್ಷಿಕೆಗೇ ಬೀಳುತ್ತದೆ. ಯುನಿಸೆಕ್ಸ್ ಬ್ಲೇಜರ್‌ಗಳ ಹಾವಳಿ ಹೆಚ್ಚಿರುವ ಈ ಕಾಲದಲ್ಲಿ ಇದನ್ನು ನೆನಪಿಡಬೇಕು.

ದರ ತಗ್ಗಿಸಲು ವಿನ್ಯಾಸ ಬದಲಿಸುವುದು ನ್ಯಾಯವೇ ಎಂಬ ಪ್ರಶ್ನೆ ಸಹಜ. ಸರಕು ಬಂದಿಳಿದಾಗ ಹೇಗಿದೆಯೋ ಹಾಗೆಯೇ ಅದನ್ನು ವರ್ಗೀಕರಿಸಬೇಕು ಎಂಬುದು ಅಮೆರಿಕದ ಹಳೆಯ ತತ್ವವಾದ್ದರಿಂದ, ಉಡುಪು ನಿಜವಾಗಿಯೂ ಹಾಗೆಯೇ ಮಾರಾಟವಾಗಿ ಹಾಗೆಯೇ ಬಳಕೆಯಾಗುವುದಾದರೆ ತೊಂದರೆಯಿಲ್ಲ. ವೇಷ ಹಾಕಿಸಿ ಬಂದರು ದಾಟಿಸಿದರೆ ಏನಾಗುತ್ತದೆ ಎಂಬುದಕ್ಕೆ ವಾಹನಗಳ ಲೋಕದ ಫೋರ್ಡ್ ಪ್ರಕರಣ ಸಾಕು: ಸರಕು ವ್ಯಾನ್‌ಗೆ ಹಿಂದಿನ ಸೀಟು ಕೂರಿಸಿ ಶೇ 25ರ ಬದಲು ಶೇ 2.5 ಸುಂಕ ಕಟ್ಟಿ ಆಮೇಲೆ ಸೀಟು ಕಿತ್ತ ಆ ಕಂಪನಿ 2019ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತು, 2024ರಲ್ಲಿ 36.5 ಕೋಟಿ ಡಾಲರ್ ತೆತ್ತು ರಾಜಿಯಾಯಿತು.

ಇನ್ನು ಕ್ರಾಸ್‌ನ ಕೊರತೆಗಳು. ಎಲ್ಲಕ್ಕಿಂತ ದೊಡ್ಡದು ಚಿತ್ರಗಳ ಅಭಾವ. ‘ಸೊಂಟದಿಂದ ಸ್ವಲ್ಪ ಕೆಳಗಿಳಿಯುವ, ಆಕಾರ ಕೊಟ್ಟ ಜಾಕೆಟ್’ ಎಂಬ ವರ್ಣನೆ ಓದಿ ನಮ್ಮ ಕೈಯಲ್ಲಿರುವ ಸ್ಯಾಂಪಲ್ ಅದಕ್ಕೆ ಹೋಲುತ್ತದೋ ಇಲ್ಲವೋ ಎಂದು ತೀರ್ಮಾನಿಸುವುದು ಅನುಭವವಿಲ್ಲದವರಿಗೆ ಕಷ್ಟ. ಐರೋಪ್ಯ ಒಕ್ಕೂಟದ ಇಂಥದೇ ಭಂಡಾರ ‘ಇಬಿಟಿಐ’ನಲ್ಲಿ ಎಷ್ಟೋ ತೀರ್ಮಾನಗಳ ಜೊತೆ ಫೋಟೊ ಇರುತ್ತದೆ, ಆ ಒಂದು ಸೌಕರ್ಯದಲ್ಲಿ ಅದು ಮುಂದು. ಆದರೆ ಅಲ್ಲಿನ ತೀರ್ಮಾನದ ಆಯುಸ್ಸು ಮೂರು ವರ್ಷ. ಅಮೆರಿಕದ ರೂಲಿಂಗ್‌ಗೆ ಅಂಥ ಗಡುವಿಲ್ಲ, ರದ್ದಾಗುವವರೆಗೆ ಅದು ಊರ್ಜಿತ. ಈ ದೀರ್ಘಾಯುಸ್ಸೇ ಇನ್ನೊಂದು ತೊಡಕು. ತೊಂಬತ್ತರ ದಶಕದ ಪತ್ರ ಇಂದಿಗೂ ಫಲಿತಾಂಶದಲ್ಲಿ ಬರುತ್ತದೆ. ಅದರ ತರ್ಕ ಸರಿಯಿರುತ್ತದೆ, ಆದರೆ ಅದರಲ್ಲಿ ಬರೆದ ದರವೂ ಕೋಡ್‌ನ ಕೊನೆಯ ಅಂಕಿಗಳೂ ಹಳತಾಗಿರುತ್ತವೆ. ಅಂಕಿಗೆ ಮಾತ್ರ ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ಆಯೋಗದ ಜಾಲತಾಣದಲ್ಲಿರುವ ಚಾಲ್ತಿ ಪಟ್ಟಿಯನ್ನೇ ನೋಡಬೇಕು.

ಹಳೆಯ ಪತ್ರಗಳ ಕೊನೆಯಲ್ಲಿ ‘ಕೆಟಗರಿ 644’, ‘ಕೆಟಗರಿ 348’, ಕೋಟಾ, ವೀಸಾ (ಸರಕಿನ ರಫ್ತು ಅನುಮತಿಯ ಮುದ್ರೆ) ಎಂಬ ಮಾತುಗಳು ಕಂಡು ಹೊಸಬರು ಗಾಬರಿಯಾಗುವುದುಂಟು. ಅದು 2005ರ ಜನವರಿ 1ರಂದು ಮುಗಿದುಹೋದ ಯುಗದ ಉಳಿಕೆ. ಆಗ ಯಾವ ದೇಶದಿಂದ ಯಾವ ಬಗೆಯ ಉಡುಪು ಎಷ್ಟು ಹೋಗಬಹುದೆಂಬ ಮಿತಿಯಿತ್ತು. ನಮ್ಮಲ್ಲಿ ಉಡುಪು ರಫ್ತು ಉತ್ತೇಜನ ಮಂಡಳಿ, ಅಂದರೆ ಎಇಪಿಸಿ, ಕೋಟಾ ಹಂಚುತ್ತಿತ್ತು. ಸಿಂಥೆಟಿಕ್ ಸೂಟು 644ರ ಲೆಕ್ಕಕ್ಕೆ ಒಂದಾಗಿ ಹೋಗುತ್ತಿತ್ತು, ಬಿಡಿ ಜಾಕೆಟ್ 635ಕ್ಕೂ ಪ್ಯಾಂಟು 648ಕ್ಕೂ ಬೀಳುತ್ತಿದ್ದವು. ಸೂಟೋ ಅಲ್ಲವೋ ಎಂಬ ಪ್ರಶ್ನೆಗೆ ಆಗ ಸುಂಕದ ಜೊತೆಗೆ ಕೋಟಾದ ತೂಕವೂ ಇತ್ತು ಎಂಬುದನ್ನು ನೆನಪಿಟ್ಟು ಆ ಪತ್ರಗಳನ್ನು ಓದಿದರೆ, ಅಷ್ಟು ಸಣ್ಣ ವಿಷಯಕ್ಕೆ ಅಷ್ಟು ಉದ್ದದ ವಾದ ಏಕೆಂಬುದು ಅರ್ಥವಾಗುತ್ತದೆ. ನಮ್ಮ ಊರಿನ ಹಿರಿಯ ರಫ್ತುದಾರರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಮೂಲ ದರದ ಮೇಲೆ ಹೇರುವ ಹೆಚ್ಚುವರಿ ಸುಂಕಗಳ ಬಗ್ಗೆ ಸಾಮಾನ್ಯ ಉಡುಪಿನ ರೂಲಿಂಗ್ ನೆಚ್ಚಿಕೊಂಡು ಕೂರುವಂತಿಲ್ಲ. 2025ರ ಆಗಸ್ಟ್‌ನಲ್ಲಿ ಭಾರತದ ಸರಕಿನ ಮೇಲೆ ಮೊದಲು ಶೇ 25, ತಿಂಗಳ ಕೊನೆಗೆ ಒಟ್ಟು ಶೇ 50 ಹೆಚ್ಚುವರಿ ಸುಂಕ ಬಿದ್ದಾಗ ಕೋಡ್ ಸರಿಯಿದ್ದವರ ಲೆಕ್ಕವೂ ತಲೆಕೆಳಗಾಯಿತು. ಇಂಥವು ಬರುತ್ತವೆ, ಹೋಗುತ್ತವೆ, ಬದಲಾಗುತ್ತವೆ; ಆದಕಾರಣವೇ ಈ ಬರಹದಲ್ಲಿ ಕೊಟ್ಟಿರುವುದೆಲ್ಲ ಮೂಲ ದರ ಮಾತ್ರ.

ಇನ್ನೊಬ್ಬರ ರೂಲಿಂಗ್ ನಮಗೆ ರಕ್ಷಣೆಯಲ್ಲ ಎಂಬುದನ್ನು ಒತ್ತಿ ಹೇಳಬೇಕು. ಪತ್ರ ಯಾರಿಗೆ, ಯಾವ ಉಡುಪಿಗೆ, ಯಾವ ಸಂಗತಿಗಳ ಮೇಲೆ ಬರೆದದ್ದೋ ಅಷ್ಟಕ್ಕೇ ಅದು ಇಲಾಖೆಯನ್ನು ಕಟ್ಟಿಹಾಕುತ್ತದೆ. ಬೇರೆಯವರು ಅದನ್ನು ನೆಚ್ಚಿಕೊಳ್ಳಬಾರದೆಂದು ನಿಯಮವೇ ಹೇಳುತ್ತದೆ. ‘ಕ್ರಾಸ್‌ನಲ್ಲಿ ಹೀಗಿದೆ’ ಎಂದು ಬಯರ್‌ಗೆ ಸ್ಕ್ರೀನ್‌ಶಾಟ್ ಕಳಿಸಿ ಕೈತೊಳೆದುಕೊಳ್ಳುವ ಚಾಳಿ ನಮ್ಮ ವಲಯದಲ್ಲಿ ಧಾರಾಳವಾಗಿದೆ. ಅದು ಮಾತುಕತೆ ಶುರುಮಾಡಲು ಸಾಕಷ್ಟೇ. ಭಾರತದಲ್ಲಿ ಶಿಪ್ಪಿಂಗ್ ಬಿಲ್‌ಗೆ (ಕಸ್ಟಮ್ಸ್‌ಗೆ ಕೊಡುವ ರಫ್ತು ದಾಖಲೆಗೆ) ಹಾಕುವ ಎಂಟು ಅಂಕಿಯ ಕೋಡ್‌ಗೂ ಅಮೆರಿಕದ ಹತ್ತು ಅಂಕಿಗೂ ಮೊದಲ ಆರು ಅಂಕಿ ಸಮಾನವಾಗಿರಬೇಕಾದ್ದು ಪದ್ಧತಿಯ ಉದ್ದೇಶ; ನಮ್ಮ ಕೋಡ್ ಮೇಲೆ, ರಾಜ್ಯ ಮತ್ತು ಕೇಂದ್ರದ ತೆರಿಗೆಗಳನ್ನು ರಫ್ತುದಾರರಿಗೆ ಮರಳಿಸುವ ಆರ್‌ಒಎಸ್‌ಸಿಟಿಎಲ್ ರಿಯಾಯಿತಿಯೂ ನಿಂತಿರುವುದರಿಂದ, ಬಯರ್ ಹೇಳಿದ ಕೋಡನ್ನು ಕಣ್ಣುಮುಚ್ಚಿ ನಕಲು ಮಾಡುವ ಬದಲು ನಮ್ಮ ಸಿಎಚ್‌ಎ (ಕಸ್ಟಮ್ಸ್ ಏಜೆಂಟ್) ಜೊತೆ ಕೂತು ಎರಡನ್ನೂ ತಾಳೆ ನೋಡಬೇಕು. ಭಾರತದಲ್ಲೂ 2021ರಿಂದ ದೆಹಲಿ ಮತ್ತು ಮುಂಬಯಿಯಲ್ಲಿ ಕಸ್ಟಮ್ಸ್ ಮುಂಗಡ ತೀರ್ಮಾನ ಪ್ರಾಧಿಕಾರಗಳು ಕೆಲಸ ಮಾಡುತ್ತಿವೆ. ಅವುಗಳ ತೀರ್ಮಾನಗಳೂ ಓದಲು ಸಿಗುತ್ತವೆಯಾದರೂ, ಒಂದು ಜಾಕೆಟ್‌ನ ಬೆನ್ನಿನ ಸೀಮ್ ಬಗ್ಗೆ ಹುಡುಕಿದರೆ ಉತ್ತರ ಸಿಗುವಷ್ಟು ಸಮೃದ್ಧಿ ಅಲ್ಲಿ ಇನ್ನೂ ಬಂದಿಲ್ಲ.

ಖಚಿತ ಉತ್ತರ ಬೇಕಾದವರು ತಾವೇ ಕೇಳಬಹುದು, ಅದೂ ಉಚಿತ. ಸರಕಿನಲ್ಲಿ ನೇರ ಹಿತಾಸಕ್ತಿ ಇರುವ ಆಮದುದಾರರಿಗೆ ಮಾತ್ರವಲ್ಲದೆ ರಫ್ತುದಾರರಿಗೂ ಈ ಅವಕಾಶವಿದೆ ಎಂಬುದು ಬೆಂಗಳೂರಿನ ಎಷ್ಟೋ ಕಾರ್ಖಾನೆಗಳಿಗೆ ಗೊತ್ತಿಲ್ಲ. ಇಲಾಖೆಯ ಜಾಲತಾಣದ ಇ-ರೂಲಿಂಗ್ ನಮೂನೆಯ ಮೂಲಕ ಒಂದೇ ಬಗೆಯ ಐದು ಉಡುಪುಗಳವರೆಗೆ ಒಟ್ಟಿಗೆ ಕೇಳಬಹುದು; ನ್ಯೂಯಾರ್ಕ್ ಕಚೇರಿ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರಿಸುತ್ತದೆ, ಕೇಂದ್ರ ಕಚೇರಿಗೆ ಹೋದ ಪ್ರಶ್ನೆಗೆ ಹೆಚ್ಚು ಕಾಲ ಹಿಡಿಯುತ್ತದೆ. ಮುಂದೆ ಕಳಿಸಲಿರುವ ಸರಕಿನ ಬಗ್ಗೆ ಮಾತ್ರ ಕೇಳಬೇಕು. ಈಗಾಗಲೇ ಬಂದರಿನಲ್ಲಿ ಸಿಕ್ಕಿಬಿದ್ದ ಕಂಟೇನರಿಗೆ ಈ ದಾರಿಯಿಲ್ಲ. ಉತ್ತರದ ಪತ್ರ ಕ್ರಾಸ್‌ನಲ್ಲಿ ಪ್ರಕಟವಾಗುವುದರಿಂದ, ಬಯರ್‌ನ ಗುಟ್ಟಿನ ವಿವರವೇನಾದರೂ ಇದ್ದರೆ ಅದನ್ನು ಗೋಪ್ಯವಾಗಿಡಬೇಕೆಂದು ಕಾರಣಸಮೇತ ಮೊದಲೇ ಕೋರಿಕೊಳ್ಳಬೇಕು.

ಕೇಳುವಾಗ ಹೊರಬಟ್ಟೆಯ ಪ್ರತಿ ನೂಲಿನ ತೂಕದ ಶೇಕಡಾವಾರು, ನೇಯ್ದದ್ದೋ ನಿಟ್ಟೋ ಎಂಬುದು, ಲೈನಿಂಗ್‌ನ ವಿವರ, ಮುಂಭಾಗ ಮತ್ತು ಬೆನ್ನಿನ ಸ್ಪಷ್ಟ ಫೋಟೊ, ಪ್ಯಾನೆಲ್‌ಗಳ ಎಣಿಕೆ, ಉಡುಪುಗಳು ಜೊತೆಯಾಗಿ ಮಾರಾಟವಾಗುತ್ತವೆಯೋ ಬಿಡಿಯಾಗಿಯೋ ಎಂಬ ಮಾತು ಇಷ್ಟನ್ನಾದರೂ ಕೊಡಬೇಕು. ಸ್ಯಾಂಪಲ್ ಕೇಳಿದರೆ ಬೃಹತ್ ಉತ್ಪಾದನೆಯ ಬಟ್ಟೆಯಲ್ಲೇ ಹೊಲಿದದ್ದನ್ನು ಕಳಿಸಬೇಕು, ಅಂಗಡಿಯಿಂದ ತಂದ ಬದಲಿ ಬಟ್ಟೆಯ ಫಿಟ್ ಸ್ಯಾಂಪಲನ್ನಲ್ಲ. ರೂಲಿಂಗ್ ಬಂದ ಮೇಲೂ ಇಲಾಖೆ ವಾರವಾರ ಹೊರಡಿಸುವ ಕಸ್ಟಮ್ಸ್ ಬುಲೆಟಿನ್ ಕಡೆ ಒಂದು ಕಣ್ಣಿಡಬೇಕು. ಹಳೆಯ ರೂಲಿಂಗ್ ರದ್ದು ಮಾಡುವ ಪ್ರಸ್ತಾವ ಮೊದಲು ಅಲ್ಲೇ ಪ್ರಕಟವಾಗುತ್ತದೆ. ಆಕ್ಷೇಪ ಸಲ್ಲಿಸಲು ಕನಿಷ್ಠ 30 ದಿನ ಕೊಡುತ್ತಾರೆ, ಅಂತಿಮ ತೀರ್ಮಾನ ಪ್ರಕಟವಾದ 60 ದಿನಗಳಿಗೆ ಅದು ಜಾರಿಗೆ ಬರುತ್ತದೆ. ಒಂದು ಸೀಸನ್ನಿನ ಆರ್ಡರ್ ಹೊಲಿದು ಕಳಿಸಲು ಅದಕ್ಕಿಂತ ಹೆಚ್ಚು ಕಾಲ ಬೇಕು ಎಂಬುದನ್ನು ಗಮನದಲ್ಲಿಟ್ಟೇ ಬಯರ್ ಜೊತೆ ಬೆಲೆ ಕುದುರಿಸಿಕೊಳ್ಳಬೇಕು.